ಯಾರಿಗಾಗಿ ಈ ಸೇವೆ?

ಒಬ್ಬರ ಬಾಳನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಉಳಿದದ್ದನ್ನು ಎಣಿಸುತ್ತೇವೆ. ಕಟ್ಟಿಸಿದ ಮನೆ, ಬರೆದ ಪುಸ್ತಕ, ನಡೆಸಿದ ಸಂಸ್ಥೆ, ಓದಿಸಿ ಮುಂದಕ್ಕೆ ತಂದ ಮಕ್ಕಳು, ಇವೆಲ್ಲ ಕಣ್ಣಿಗೆ ಕಾಣುವಂಥವು. ಶ್ರದ್ಧಾಂಜಲಿಯ ಸಭೆಯಲ್ಲಿ ಇವುಗಳ ಪಟ್ಟಿಯನ್ನು ಓದುವುದು ಸುಲಭ. ಆದರೆ ಕೆಲವು ಕೆಲಸಗಳ ಸ್ವಭಾವವೇ ಬೇರೆ. ಅವು ಚೆನ್ನಾಗಿ ನಡೆದಾಗ ಏನೂ ಉಳಿಯುವುದಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವನ ಬೆನ್ನಿನ ಮೇಲೆ ಹುಣ್ಣಾಗಲಿಲ್ಲ. ಬಾಣಂತಿಗೆ ನಂಜೇರಲಿಲ್ಲ. ಜ್ವರದ ಭ್ರಮೆಯಲ್ಲಿ ಎದ್ದು ಓಡಬಹುದಾಗಿದ್ದ ಹುಡುಗ ಮಂಚದಿಂದ ಬೀಳಲಿಲ್ಲ. ಆಗಲಿಲ್ಲ, ಆಗಲಿಲ್ಲ ಎಂಬ ಈ ಸಾಲಿನಲ್ಲಿಯೇ ಒಬ್ಬ ನರ್ಸಿನ ಬಾಳು ಕರಗಿಹೋಗಿರುತ್ತದೆ. ಆಗದೆ ಹೋದದ್ದನ್ನು ನೆನೆಯುವುದು ಹೇಗೆ?

ಮೈಸೂರಿನ ನಮ್ಮ ಬೀದಿಯಲ್ಲಿದ್ದ ಒಬ್ಬ ವೃದ್ಧೆಯನ್ನು ಕುರಿತು ಯೋಚಿಸುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಅವರನ್ನು ಎಲ್ಲರೂ ‘ನರ್ಸಮ್ಮ’ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಕರಾವಳಿಯ ಕಡೆಯವರು, ಬಾಸೆಲ್ ಮಿಷನ್ನಿನ ಸಭೆಗೆ ಸೇರಿದ ಮನೆತನ. 1952ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಲ್ಲಿಯ ಒಂದು ಮಿಷನ್ ಆಸ್ಪತ್ರೆಯಲ್ಲಿ ತರಬೇತಿಗೆ ಸೇರಿದರು. ಮದುವೆಯಾಗಿ ಘಟ್ಟ ಹತ್ತಿ ಬಂದು, ವಾರ್ಡುಗಳಲ್ಲಿಯೇ ಬಹುಕಾಲ ದುಡಿದು, 1991ರಲ್ಲಿ ನಿವೃತ್ತರಾದರು. ಆಮೇಲಿನ ಇಪ್ಪತ್ತೆಂಟು ವರ್ಷ ಮೂವರು ಮೊಮ್ಮಕ್ಕಳಿಗೆ ಅಜ್ಜಿಯಾಗಿ ಬಾಳಿ, 2019ರಲ್ಲಿ ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕನ್ನಡ ಗ್ರಂಥಸ್ಥ ಕನ್ನಡ, ಕರಾವಳಿಯವರ ಮಾತಿನಂತೆ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಇರುತ್ತಿತ್ತು. ಬೆಳಗಿನ ಜಾವ ಎದ್ದು ಬೈಬಲ್ ಓದುವರು. ಭಾನುವಾರ ದೇವಾಲಯಕ್ಕೆ ಹೋಗುವುದನ್ನು ತಪ್ಪಿಸರು. ಆದರೆ ಮತದ ಮಾತನ್ನು ತಾವಾಗಿ ಎತ್ತಿದ್ದನ್ನು ನಾನು ಕೇಳಲಿಲ್ಲ. ಬೀದಿಯಲ್ಲಿ ಯಾರಿಗೆ ಜ್ವರ ಬರಲಿ, ಯಾರ ಮನೆಯ ಮುದುಕರು ಜಾರಿ ಬೀಳಲಿ, ಮೊದಲು ಹೇಳಿಕಳಿಸುತ್ತಿದ್ದುದು ಅವರಿಗೆ.

ಅವರು ಕೆಲಸಕ್ಕೆ ಸೇರಿದ ಕಾಲ ಎಂಥದೆಂಬುದನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ಡಾಕ್ಟರಿದ್ದರೆ, ಸುಮಾರು 43,000 ಜನಕ್ಕೆ ಒಬ್ಬ ನರ್ಸು ಎಂದು ಅದರ ಲೆಕ್ಕ. ಏಳು ಜನ ವೈದ್ಯರಿಗೆ ಒಬ್ಬ ನರ್ಸು ಎಂದ ಹಾಗಾಯಿತು. ಆ ಒಬ್ಬಳೂ ಬಹುಮಟ್ಟಿಗೆ ಕ್ರೈಸ್ತಳೇ ಆಗಿರುತ್ತಿದ್ದಳು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಲ್ಲಿ ಕ್ರೈಸ್ತ ಸಂನ್ಯಾಸಿನಿಯರಿಂದ ಆರಂಭವಾಯಿತು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1909ರಲ್ಲಿ ನರ್ಸುಗಳ ಶಾಲೆ ತೆರೆದರು. ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ಆರಂಭಿಸಿದರು. ಇಂಥ ಕಡೆ ಕಲಿತ ಹುಡುಗಿಯರೇ ದೇಶದ ವಾರ್ಡುಗಳನ್ನು ಹೊತ್ತು ನಿಂತರು.

ಉಳಿದವರು ಏಕೆ ಬರಲಿಲ್ಲ? ಕಾರಣ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಪರರ ಮಲಮೂತ್ರ ಮುಟ್ಟುವ ಕೆಲಸ, ಗಂಡಸರ ಮೈ ಒರೆಸುವ ಕೆಲಸ, ರಾತ್ರಿ ಮನೆಯ ಹೊರಗೆ ಕಳೆಯಬೇಕಾದ ಕೆಲಸ: ಮರ್ಯಾದಸ್ಥರ ಮನೆಯ ಹುಡುಗಿಗೆ ಇದು ಹೇಳಿಸಿದ್ದಲ್ಲ ಎಂದು ಊರೆಲ್ಲ ತೀರ್ಮಾನಿಸಿತ್ತು. ವಿಚಿತ್ರವೆಂದರೆ ನಮ್ಮ ಪ್ರಾಚೀನರು ಹೀಗೆ ಹೇಳಿರಲಿಲ್ಲ. ವೈದ್ಯ, ಔಷಧ, ಪರಿಚಾರಕ, ರೋಗಿ, ಈ ನಾಲ್ಕು ಪಾದಗಳ ಮೇಲೆ ಚಿಕಿತ್ಸೆ ನಿಂತಿದೆಯೆಂದು ಚರಕ ಸಂಹಿತೆ ಹೇಳುತ್ತದೆ. ಪರಿಚಾರಕನಿಗೆ ಇರಬೇಕಾದ ಗುಣಗಳನ್ನೂ ಅದು ಎಣಿಸುತ್ತದೆ: ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯಲ್ಲಿ ಅನುರಾಗ, ಶುಚಿತ್ವ. ನಾಲ್ಕು ಕಾಲಿನ ಮಂಚದ ಒಂದು ಕಾಲನ್ನು ನಾವು ಎಂದೋ ಮುರಿದು ಬಿಸುಟೆವು. ಆ ಜಾಗದಲ್ಲಿ ಬಂದು ಭುಜ ಕೊಟ್ಟವರು ಈ ಹೆಣ್ಣುಮಕ್ಕಳು. ಹೆರಿಗೆಗೆ ಅವರನ್ನು ಕರೆಯುತ್ತಿದ್ದ ಎಷ್ಟೋ ಮನೆಗಳು ನಾಮಕರಣಕ್ಕೆ ಕರೆಯುತ್ತಿರಲಿಲ್ಲ.

ಕೆಲಸವಾದರೂ ಎಂಥದು! ಒಮ್ಮೆ ಬಳಸಿ ಎಸೆಯುವ ಸಾಮಾನುಗಳು ಇನ್ನೂ ಬಂದಿರಲಿಲ್ಲ. ಗಾಜಿನ ಸಿರಿಂಜನ್ನೂ ಸೂಜಿಯನ್ನೂ ಕುದಿಸಬೇಕು, ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆಯಬೇಕು, ಬ್ಯಾಂಡೇಜಿನ ಬಟ್ಟೆಯನ್ನು ಒಗೆದು ಒಣಗಿಸಿ ಸುತ್ತಿಡಬೇಕು. ವಿಷಮಜ್ವರಕ್ಕೆ ಕ್ಲೋರಾಂಫೆನಿಕಾಲ್ ಎಂಬ ಔಷಧ ಬಳಕೆಗೆ ಬಂದದ್ದು 1948ರಲ್ಲಿ. ಅದಕ್ಕೆ ಮುಂಚೆ ಆ ಜ್ವರ ವಾರಗಟ್ಟಲೆ ತನ್ನ ದಾರಿಯಲ್ಲಿ ನಡೆಯುವುದನ್ನು ಕಾಯುತ್ತಾ ಮೈ ಒರೆಸುವುದು, ನೀರು ಗಂಜಿ ಕುಡಿಸುವುದು, ಬಾಯಿ ಶುದ್ಧಮಾಡುವುದು, ನಾಡಿ ನೋಡುವುದು, ಇದೇ ಚಿಕಿತ್ಸೆಯಾಗಿತ್ತು. ಎದ್ದು ಕೂರಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದಿದ್ದರೆ, ಮೂಳೆ ಒತ್ತುವ ಕಡೆ ರಕ್ತಸಂಚಾರ ನಿಂತು ಚರ್ಮ ಸಾಯುತ್ತದೆ. ಹುಣ್ಣು ಮೂಳೆಯವರೆಗೂ ಇಳಿಯುತ್ತದೆ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಈ ಕೆಲಸ ನಡೆಯಲೇಬೇಕು. ಮಾಡಿದರೆ ಯಾರಿಗೂ ತಿಳಿಯದು. ಬಿಟ್ಟರೆ ವಾರದೊಳಗೆ ವಾಸನೆಯೇ ಹೇಳುತ್ತದೆ.

ಇಷ್ಟನ್ನೆಲ್ಲ ಒಬ್ಬರು ಏತಕ್ಕಾಗಿ ಮಾಡುತ್ತಾರೆ? ಸಂಬಳಕ್ಕಾಗಿ ಎಂದರೆ ಅದು ಅರ್ಧ ಉತ್ತರ. ಸಂಬಳಕ್ಕೆ ಕೆಲಸ ಮಾಡುವವರಲ್ಲಿ ನಾಲ್ಕು ಗಂಟೆಗೆ ಏಳುವವರೂ ಇದ್ದಾರೆ, ಎದ್ದೆವೆಂದು ಬರೆದಿಟ್ಟು ಮಲಗುವವರೂ ಇದ್ದಾರೆ. ನರ್ಸಮ್ಮನವರ ಮಟ್ಟಿಗೆ ಉತ್ತರ ದೈವಭಕ್ತಿಯೆಂದು ಅವರನ್ನು ಬಲ್ಲವರೆಲ್ಲ ಹೇಳುತ್ತಿದ್ದರು. ಅವರ ವಿಷಯ ಬಂದಾಗ ತತ್ತ್ವಶಾಸ್ತ್ರ ಓದಿದ ನನ್ನ ಮಿತ್ರರೊಬ್ಬರು ಒಂದು ಆಕ್ಷೇಪವೆತ್ತಿದರು. “ದೇವರಿಗಾಗಿ ರೋಗಿಯ ಸೇವೆ ಮಾಡಿದರೆ, ರೋಗಿಗೆ ಏನು ಬಂತು? ಆಕೆ ಪ್ರೀತಿಸಿದ್ದು ತನ್ನ ಕ್ರಿಸ್ತನನ್ನು. ಮಂಚದ ಮೇಲೆ ನರಳುತ್ತಿದ್ದವನು ಆ ಮಹಡಿಗೆ ಏರುವ ಮೆಟ್ಟಿಲು ಮಾತ್ರ. ಮನುಷ್ಯನನ್ನು ಮೆಟ್ಟಿಲು ಮಾಡಿಕೊಳ್ಳುವುದು, ಎಷ್ಟು ಮೆತ್ತಗೆ ಕಾಲಿಟ್ಟರೂ, ಮೆಟ್ಟಿದಂತೆಯೇ ಅಲ್ಲವೆ?”

ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ. ಪುಣ್ಯ ಬರುತ್ತದೆಂದು ಭಿಕ್ಷೆ ಹಾಕುವವನ ಕಣ್ಣು ಭಿಕ್ಷುಕನ ಮುಖದ ಮೇಲೆ ಇರುವುದಿಲ್ಲ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಮನುಷ್ಯನನ್ನು ಎಂದೂ ಬರಿಯ ಸಾಧನವಾಗಿ ಬಳಸಬಾರದು, ಅವನೇ ಗುರಿಯಾಗಿರಬೇಕು ಎಂದು ಜರ್ಮನಿಯ ಕಾಂಟ್ 1785ರಲ್ಲಿಯೇ ಹೇಳಿದ. ಮೋಕ್ಷಕ್ಕೂ ಈ ನಿಯಮದಿಂದ ವಿನಾಯಿತಿಯಿಲ್ಲವೆಂದೇ ನಾವು ಭಾವಿಸಬೇಕು.

ಕ್ರೈಸ್ತರ ಸೇವಾಧರ್ಮಕ್ಕೆ ಆಧಾರವಾದ ಒಂದು ದೃಷ್ಟಾಂತ ಮತ್ತಾಯನ ಸುವಾರ್ತೆಯಲ್ಲಿದೆ. ಕೊನೆಯ ತೀರ್ಪಿನ ದಿನ ಅರಸನು ಕೆಲವರನ್ನು ತನ್ನ ಬಲಗಡೆಗೆ ಕರೆಯುತ್ತಾನೆ. ತಾನು ಹಸಿದಾಗ ಅವರು ಉಣಿಸಿದರೆಂದೂ, ರೋಗದಲ್ಲಿದ್ದಾಗ ಬಂದು ನೋಡಿಕೊಂಡರೆಂದೂ ಹೇಳುತ್ತಾನೆ. ಅತಿ ಅಲ್ಪನಾದವನಿಗೆ ಮಾಡಿದ್ದು ತನಗೇ ಮಾಡಿದಂತೆ ಎಂಬುದು ಅವನ ಮಾತಿನ ಸಾರ. ನನ್ನ ಮಿತ್ರರ ಆಕ್ಷೇಪಕ್ಕೆ ಇದೇ ಮೂಲವೆಂದು ತೋರಬಹುದು. ಆದರೆ ಕಥೆಯಲ್ಲಿ ನಾವು ಬೇಗ ದಾಟಿಹೋಗುವ ಒಂದು ಅಂಶವಿದೆ. ಆ ಒಳ್ಳೆಯವರು ಅರಸನ ಮಾತು ಕೇಳಿ ತಬ್ಬಿಬ್ಬಾಗುತ್ತಾರೆ. ತಾವು ಯಾವಾಗ ಅವನನ್ನು ಕಂಡೆವು, ಯಾವಾಗ ಉಪಚರಿಸಿದೆವು ಎಂದು ಕೇಳುತ್ತಾರೆ. ಅವರಿಗೆ ಗೊತ್ತೇ ಇರಲಿಲ್ಲ. ಹಸಿದವನನ್ನು ಹಸಿದವನೆಂದೇ ಕಂಡಿದ್ದರು, ರೋಗಿಯನ್ನು ರೋಗಿಯೆಂದೇ ಕಂಡಿದ್ದರು. ಅವರ ಸೇವೆ ದೇವರಿಗೆ ಮುಟ್ಟಿದ್ದು, ಅದು ದೇವರಿಗೆಂದು ಅವರು ಲೆಕ್ಕವಿಡದೆ ಇದ್ದುದರಿಂದ.

ಹಾಗಾದರೆ ಈ ಕಥೆಯನ್ನು ದಿನವೂ ಓದುವವರ ಗತಿ ಏನು? ಗುಟ್ಟು ತಿಳಿದ ಮೇಲೆ ಆ ಮುಗ್ಧತೆ ಉಳಿದೀತೆ? ನರ್ಸಮ್ಮನವರನ್ನು ಒಮ್ಮೆ ಇದನ್ನೇ ಕೇಳಿದ್ದೆ; ತತ್ತ್ವದ ಮಾತನ್ನೆಲ್ಲ ಬಿಟ್ಟು, ರೋಗಿಯಲ್ಲಿ ದೇವರು ಕಾಣುತ್ತಿದ್ದನೇ ಎಂದು. ಅವರು ನಕ್ಕರು. “ನೈಟ್ ಡ್ಯೂಟಿಯಲ್ಲಿ ನನಗೆ ದೇವರ ನೆನಪು ಬರುತ್ತಿದ್ದುದು ಕಡಮೆ, ಮಗು. ಯಾರಿಗೆ ಎಷ್ಟು ಗಂಟೆಗೆ ಮದ್ದು ಎಂಬುದೇ ತಲೆ ತುಂಬ ಇರುತ್ತಿತ್ತು. ದೇವರನ್ನು ಬೆಳಿಗ್ಗೆ ಮನೆಗೆ ಬಂದ ಮೇಲೆ ನೆನೆಯುತ್ತಿದ್ದೆ, ಅದೂ ನಿದ್ರೆ ಬಾರದಿದ್ದರೆ.” ಕಾಯಕದಲ್ಲಿ ನಿರತನಾದವನು ಗುರು ಎದುರಿಗೆ ಬಂದರೂ ಮರೆಯಬೇಕೆಂದು ಆಯ್ದಕ್ಕಿ ಮಾರಯ್ಯನ ಮತ. ಹನ್ನೆರಡನೆಯ ಶತಮಾನದ ಆ ಶರಣನ ಹೆಸರನ್ನು ನರ್ಸಮ್ಮ ಕೇಳಿದ್ದರೋ ಇಲ್ಲವೋ, ಮಾತು ಮಾತ್ರ ಒಂದೇ ಕಡೆಗೆ ಬಂದು ನಿಂತಿತು.

ಭಕ್ತಿಯ ಕೆಲಸ ಹಾಗಾದರೆ ಏನು? ಅದಕ್ಕೂ ಅವರದೇ ಉತ್ತರವಿತ್ತು. ಬೈಯುವ, ಉಗುಳುವ, ಕೈಯೆತ್ತುವ ರೋಗಿಗಳನ್ನು ಹೇಗೆ ಸಹಿಸುತ್ತಿದ್ದಿರಿ ಎಂದರೆ, “ಇಷ್ಟವಾದವರಿಗೆ ಮಾತ್ರ ಮಾಡುವುದಾದರೆ ವಾರ್ಡಿನಲ್ಲಿ ಅರ್ಧ ಮಂಚ ಹಾಗೆಯೇ ಬಿಟ್ಟುಬಿಡಬೇಕಿತ್ತು” ಎಂದಿದ್ದರು. ನಮ್ಮ ಮಮತೆಗೆ ಒಂದು ಮಿತಿಯಿದೆ. ಅದು ಮುಖ ನೋಡಿ ಮಣೆ ಹಾಕುತ್ತದೆ, ಮೂರನೆಯ ರಾತ್ರಿಗೆ ಬತ್ತಿಹೋಗುತ್ತದೆ. ಮಮತೆ ಬತ್ತಿದ ಮೇಲೂ ಕೈ ನಡುಗದಂತೆ ಹಿಡಿದಿಡುವ ಒಂದು ಆಧಾರ ಬೇಕು. ಕೆಲವರಿಗೆ ಅದು ಕರ್ತವ್ಯಬುದ್ಧಿ, ಕೆಲವರಿಗೆ ವೃತ್ತಿಗೌರವ, ನರ್ಸಮ್ಮನವರಿಗೆ ದೇವರು. ಮನೆಯ ತಳಪಾಯದಂತೆ ಅದು. ಯಾರೂ ಅದನ್ನು ನೋಡುತ್ತ ಕೂರುವುದಿಲ್ಲ, ಅದರ ಮೇಲೆ ನಿಂತು ಎದುರಿಗಿರುವುದನ್ನು ನೋಡುತ್ತಾರೆ.

ಕನ್ನಡ ಪಾಠ ಹೇಳುವ ನನಗೆ ಇಲ್ಲಿ ಒಂದು ಶಬ್ದದ ನೆನಪಾಗುತ್ತದೆ. ರೋಗಿಗಳ ಆರೈಕೆಗೆ ನಾವು ‘ಶುಶ್ರೂಷೆ’ ಎನ್ನುತ್ತೇವೆ. ‘ಶ್ರು’ ಎಂದರೆ ಕೇಳು. ಶುಶ್ರೂಷಾ ಎಂದರೆ ಮೂಲದಲ್ಲಿ ಕೇಳುವ ಇಚ್ಛೆ. ಗುರುವಿನ ಮಾತನ್ನು ಕೇಳಬೇಕೆಂದು ಬಳಿಯಲ್ಲಿ ಕಾದಿರುವ ಶಿಷ್ಯನ ನಡತೆಗೆ ಸಲ್ಲುತ್ತಿದ್ದ ಮಾತು ಸೇವೆಯೆಂಬ ಅರ್ಥಕ್ಕೆ ತಿರುಗಿ, ಕೊನೆಗೆ ರೋಗಿಯ ಮಂಚದ ಬಳಿ ಬಂದು ನೆಲೆಸಿತು. ಲೂಕನ ಸುವಾರ್ತೆಯಲ್ಲಿ ಇಬ್ಬರು ಅಕ್ಕತಂಗಿಯರ ಕಥೆಯಿದೆ. ಯೇಸು ಮನೆಗೆ ಬಂದಾಗ ಮಾರ್ಥಳು ಉಪಚಾರದ ಗಡಿಬಿಡಿಯಲ್ಲಿರುತ್ತಾಳೆ. ಮರಿಯಳು ಅವನ ಪಾದದ ಬಳಿ ಕುಳಿತು ಮಾತು ಕೇಳುತ್ತಾಳೆ. ಒಬ್ಬಳದು ಸೇವೆ, ಒಬ್ಬಳದು ಶ್ರವಣ. ಯಾರು ಹೆಚ್ಚೆಂಬ ಚರ್ಚೆ ಕ್ರೈಸ್ತ ಲೋಕದಲ್ಲಿ ಶತಮಾನಗಳ ಕಾಲ ನಡೆದಿದೆ. ನಮ್ಮ ಈ ಒಂದು ಶಬ್ದದಲ್ಲಿ ಇಬ್ಬರೂ ಒಟ್ಟಿಗೆ ಕುಳಿತಿದ್ದಾರೆ.

ಇದು ಬರಿಯ ಶಬ್ದಚಮತ್ಕಾರವಲ್ಲ. 1859ರಲ್ಲಿ ಪ್ರಕಟವಾದ ಶುಶ್ರೂಷೆಯ ಮೇಲಿನ ತನ್ನ ಪುಸ್ತಕದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಂದು ಸಣ್ಣ ಸೂಚನೆ ಕೊಡುತ್ತಾಳೆ: ರೋಗಿಯೊಡನೆ ಮಾತಾಡುವಾಗ ಅವನ ಕಣ್ಣಿಗೆ ನೇರವಾಗಿ ಬೀಳುವ ಕಡೆ ಕೂರಬೇಕು; ನಮ್ಮನ್ನು ನೋಡಲು ಅವನು ನೋವಿನಿಂದ ಕತ್ತು ಹೊರಳಿಸುವಂತಾಗಬಾರದು. ರೋಗಿಯನ್ನು ಮೆಟ್ಟಿಲೆಂದು ಬಗೆದವರಿಗೆ ಈ ಸೂಕ್ಷ್ಮ ಹೊಳೆಯುವುದಿಲ್ಲ. ನರ್ಸಮ್ಮನವರಲ್ಲಿಯೂ ಇಂಥದೊಂದು ರೂಢಿಯಿತ್ತು. ಯಾರ ಮೈ ಮುಟ್ಟುವ ಮುಂಚೆಯೂ “ಈಗ ಎಡಗಡೆಗೆ ತಿರುಗಿಸುತ್ತೇನೆ”, “ಈಗ ನೀರು ತಣ್ಣಗಿರುತ್ತದೆ” ಎಂದು ಹೇಳುವರು, ಪ್ರಜ್ಞೆಯಿಲ್ಲದವರಿಗೂ ಹೇಳುವರು. ಹೇಳಿ, ಒಂದು ಕ್ಷಣ ಕಾಯುವರು. ಮೈ ರೋಗಿಯದು, ಅಪ್ಪಣೆ ಅವನಿಂದ ಬರಬೇಕು ಎಂಬ ಭಾವ. ನನ್ನ ಮಿತ್ರರ ಆಕ್ಷೇಪಕ್ಕೆ ನಾನು ಕೊಡಬಲ್ಲ ಉತ್ತರ ಇದು: ಯಾರಿಗಾಗಿ ಸೇವೆ ಎಂಬುದನ್ನು ಬಾಯಿ ಹೇಳುವ ಹೆಸರಿನಿಂದ ತಿಳಿಯಲಾಗದು, ಕೈ ಆ ಒಂದು ಕ್ಷಣ ಕಾಯುತ್ತದೆಯೋ ಇಲ್ಲವೋ ಎಂಬುದರಿಂದ ತಿಳಿಯಬೇಕು.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ಇದು ಒಂದು ಒಳ್ಳೆಯ ಶ್ರದ್ಧಾಂಜಲಿಯಾಗುತ್ತಿತ್ತು. ಆದರೆ ಅವರು ತೀರಿಕೊಂಡ ಕೆಲವು ದಿನಗಳ ಮೇಲೆ ಅವರ ಮಗಳು ಆಡಿದ ಮಾತು ನನ್ನನ್ನು ಬಿಡುತ್ತಿಲ್ಲ. ಬಂದವರೆಲ್ಲ ತಾಯಿಯನ್ನು ಹೊಗಳುವುದನ್ನು ಕೇಳಿ ಕೇಳಿ, ಆಕೆ ಮೆಲ್ಲಗೆ ಅಂದರು: “ನೀವು ಹೇಳೋದೆಲ್ಲ ನಿಜ. ಆದರೆ ನನ್ನ ಮಕ್ಕಳಿಗೆ ಸಿಕ್ಕ ಅಮ್ಮ ನನಗೆ ಸಿಗಲಿಲ್ಲ. ನಾನು ಚಿಕ್ಕವಳಿದ್ದಾಗ ಮನೆಗೆ ಬರುವ ಹೊತ್ತಿಗೆ ಅಮ್ಮ ಮುಗಿದುಹೋಗಿರುತ್ತಿದ್ದಳು.”

‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆ ನಮ್ಮಲ್ಲಿದೆ. ಈ ತಾಯಿಗೆ ಆ ಗಾದೆಯನ್ನು ಅನ್ವಯಿಸುವುದು ಕ್ರೂರವಾದೀತು. ಆದರೂ ಅದರಲ್ಲಿ ಇಲ್ಲಿಗೆ ಸಲ್ಲುವ ಒಂದು ಅಂಶ ಇದೆ. ಪರರ ಮಗುವಿನ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟ ರಾತ್ರಿಗಳಲ್ಲಿ ತನ್ನ ಮಗುವಿಗೆ ಕಥೆ ಹೇಳಲಿಲ್ಲ. ಜಡೆ ಹೆಣೆಯಲಿಲ್ಲ. ದಡಾರ ಬಂದಾಗ ಬಳಿಯಲ್ಲಿರಲಿಲ್ಲ. ಇವೂ ‘ಆಗಲಿಲ್ಲ’ಗಳೇ. ವಾರ್ಡಿನಲ್ಲಿ ಆಗದೆ ಉಳಿದ ಕೇಡುಗಳ ಸಾಲಿಗೂ, ಮನೆಯಲ್ಲಿ ಆಗದೆ ಹೋದ ಸುಖಗಳ ಸಾಲಿಗೂ ಕಾರಣ ಒಂದೇ ಕೈ. ಮೊದಲನೆಯ ಸಾಲನ್ನು ಮಾತ್ರ ಓದುವ ಶ್ರದ್ಧಾಂಜಲಿ ಅರ್ಧಸತ್ಯ.

ನಿವೃತ್ತರಾದ ಮೇಲೆ ನರ್ಸಮ್ಮ ಮೊಮ್ಮಕ್ಕಳಿಗೆ ತಮ್ಮನ್ನು ಪೂರ್ತಿಯಾಗಿ ಕೊಟ್ಟರು. ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಎಂದು ಹಿರಿಯರು ನಗೆಯಾಡುವುದುಂಟು. ಅಲ್ಲಿಯೂ ಅವರದು ಕೇಳುವ ಸ್ವಭಾವವೇ. ಶಾಲೆಯಿಂದ ಬಂದ ಮಗು ಹೇಳುವ ಉದ್ದದ ಕಥೆಯನ್ನು, ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, ಕೊನೆಯವರೆಗೂ ಕೇಳುತ್ತಿದ್ದರು. ಅಸಲಿನ ಸಾಲ ಇದರಿಂದ ತೀರಿತೆಂದು ಹೇಳಲಾರೆ. ಒಂದು ಮಗುವಿನ ಬಾಲ್ಯವನ್ನು ಇನ್ನೊಂದು ಮಗುವಿನ ಲೆಕ್ಕಕ್ಕೆ ಜಮಾ ಮಾಡಲಾಗದು. ಸೊಂಟದ ಮೂಳೆ ಮುರಿದು ಅವರು ಹಾಸಿಗೆ ಹಿಡಿದ ಕೊನೆಯ ತಿಂಗಳುಗಳಲ್ಲಿ ಆರೈಕೆ ಮಾಡಿದವರು ಈ ಮಗಳೇ. ಒಂದು ರಾತ್ರಿ ಮಗ್ಗುಲು ಬದಲಿಸುವಾಗ ತಾಯಿ ಇದ್ದಕ್ಕಿದ್ದಂತೆ, “ನಿನಗೆ ದಡಾರ ಎದ್ದಾಗ ನಾನು ವಾರ್ಡಿನಲ್ಲಿದ್ದೆ” ಎಂದರಂತೆ. “ಅಮ್ಮ ಕ್ಷಮೆ ಕೇಳಲಿಲ್ಲ, ನೆಪಾನೂ ಹೇಳಲಿಲ್ಲ. ನೆನಪಿದೆ ಅಂದಳು, ಅಷ್ಟೆ. ನನಗೆ ಅಷ್ಟು ಬೇಕಾಗಿತ್ತು” ಎಂದರು ಮಗಳು. ತಾಯಿಯ ಬೆನ್ನಿನ ಮೇಲೆ ಕೊನೆಯವರೆಗೂ ಒಂದು ಹುಣ್ಣೂ ಆಗಲಿಲ್ಲ ಎಂಬುದನ್ನು ಆಕೆ ಹೇಳಲಿಲ್ಲ; ಕೇಳಿ ತಿಳಿದುಕೊಂಡೆ.

ಮಗಳ ದೂರು ತಾಯಿಯ ಮೇಲಿನದೆಂದು ಮೊದಲು ತೋರಿತ್ತು. ಯೋಚಿಸಿದಷ್ಟೂ ಅದು ನಮ್ಮ ಮೇಲಿನದೆಂದು ಅನಿಸುತ್ತದೆ. 43,000 ಜನಕ್ಕೆ ಒಬ್ಬಳೇ ಏಕೆ ಇದ್ದಳು? ಮಿಕ್ಕ ಮನೆಗಳು ತಮ್ಮ ಹೆಣ್ಣುಮಕ್ಕಳ ಮಡಿಯನ್ನು ಕಾಪಾಡಿಕೊಂಡುದರಿಂದ. ಹತ್ತು ಜನ ಹಂಚಿಕೊಳ್ಳಬೇಕಾದ ರಾತ್ರಿಗಳನ್ನು ಒಬ್ಬಳ ಮೇಲೆ ಹೊರಿಸಿ, ಆಕೆ ಹೊತ್ತದ್ದಕ್ಕೆ ‘ತ್ಯಾಗ’ವೆಂದು ಹೆಸರಿಟ್ಟೆವು. ನಮ್ಮ ಮನೆಯ ಬಾಣಂತಿಯರು ಬದುಕಿದ ರಾತ್ರಿ ಇನ್ನೊಂದು ಮನೆಯಲ್ಲಿ ಒಂದು ಹುಡುಗಿ ಒಬ್ಬಳೇ ಮಲಗಿದ್ದಳು. ಬಿಲ್ಲು ಬಂದದ್ದು ಆ ಹುಡುಗಿಗೆ.

ಕಾಲ ಬದಲಾಗಿದೆಯೆಂದು ಹೇಳುವವರಿಗೆ 2020ನ್ನು ನೆನಪಿಸಬೇಕಾಗುತ್ತದೆ. ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷ ತುಂಬುವ ಆ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಕೊರೊನಾ ಬಂತು, ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ಅದೇ ದಿನಗಳಲ್ಲಿ, ಸೋಂಕು ತರುತ್ತಾರೆಂದು ಬಾಡಿಗೆ ಮನೆ ಬಿಡಿಸಿಕೊಂಡ ಮಾಲೀಕರ ಸುದ್ದಿಗಳೂ ಬಂದವು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗಳನ್ನು ತಡೆಯಲು ಏಪ್ರಿಲ್ 22ರಂದು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಹೆರಿಗೆಗೆ ಕರೆದು ನಾಮಕರಣಕ್ಕೆ ಕರೆಯದ ಹಳೆಯ ಬುದ್ಧಿ ಹೊಸ ಮನೆಗಳಲ್ಲಿಯೂ ಬಾಡಿಗೆಗಿದೆ.

ನೆನೆಯುವುದೆಂದರೆ ಚಪ್ಪಾಳೆಯಲ್ಲ. ಚಪ್ಪಾಳೆ ತಟ್ಟುವಾಗ ನಮಗೆ ನಮ್ಮದೇ ಸದ್ದು ಕೇಳಿಸುತ್ತದೆ. ನರ್ಸಮ್ಮನಂಥವರ ಋಣವನ್ನು ನೆನೆಯಬೇಕಾದರೆ ಅವರಿಂದ ಕಲಿತ ಕೆಲಸವನ್ನೇ ಅವರಿಗೆ ಮಾಡಬೇಕು. ಶುಶ್ರೂಷೆ ಮಾಡಬೇಕು, ಅಂದರೆ ಕೇಳಬೇಕು. ಇಂದು ರಾತ್ರಿ ಪಾಳಿಗೆ ಹೊರಡುವ ಹುಡುಗಿಗೆ ಸಂಬಳವೆಷ್ಟು, ಒಬ್ಬಳಿಗೆ ಎಷ್ಟು ಮಂಚ, ಅವಳ ಮಗುವನ್ನು ರಾತ್ರಿ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗಳನ್ನು ನಾವು ಕೇಳಿದ್ದೇವೆಯೆ? ಕೇಳಿದ ಮೇಲೆ, ಉತ್ತರಕ್ಕಾಗಿ ಒಂದು ಕ್ಷಣವಾದರೂ ಕಾದಿದ್ದೇವೆಯೆ?